ಆಗಲ್ಲ ಅಂತಾದರೂ ಹೇಳಿ

ನ್ಯಾಯಾಧೀಶರ ಬಳಿ ಇಂಟರ್ನ್‌ಶಿಪ್ ಕೇಳಿ ಅರ್ಜಿ ಹಾಕಿದ ಲಾ ವಿದ್ಯಾರ್ಥಿಗೆ ಒಂದು ಸಾಲಿನ ಉತ್ತರ ಬರೆಯಲು ಎಷ್ಟು ಹೊತ್ತು ಬೇಕು? 'ಈ ಸಲ ಜಾಗ ಇಲ್ಲ.' ಇಷ್ಟು ಬರೆದರೆ ಸಾಕು, ನಾವು ಬೇರೆ ಕಡೆ ನೋಡಿಕೊಳ್ಳುತ್ತೇವೆ. ಅದೂ ಬರುವುದಿಲ್ಲ. ಇಮೇಲ್ ಮಾಡಿದ್ದಾಯಿತು, ಅಂಚೆಯಲ್ಲಿ ಕಳಿಸಿದ್ದಾಯಿತು, ಖುದ್ದಾಗಿ ಹೋಗಿ ಕೊಟ್ಟಿದ್ದೂ ಆಯಿತು. ರಜೆ ಮುಗಿಯುತ್ತಾ ಬಂತು, ಆ ಕಡೆಯಿಂದ ಒಂದು ಮಾತಿಲ್ಲ. ಯಾವ ಕೋರ್ಟು, ಯಾವ ಕಾಲೇಜು ಅಂತ ಇಲ್ಲಿ ಹೇಳುವುದಿಲ್ಲ. ನನ್ನ ಜೊತೆ ಓದುವವರನ್ನು ಕೇಳಿದರೆ ಎಷ್ಟೋ ಜನರದ್ದು ಇದೇ ಕಥೆ.

ಇದನ್ನು ನಾವು ಶೋಕಿಗೆ ಕೇಳುತ್ತಿಲ್ಲ. ದೇಶದ ವಕೀಲರ ನಿಯಂತ್ರಣ ಸಂಸ್ಥೆಯಾದ ಬಾರ್ ಕೌನ್ಸಿಲ್‌ನ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಐದು ವರ್ಷದ ಕೋರ್ಸ್‌ನವರು ಕನಿಷ್ಠ 20 ವಾರ, ಮೂರು ವರ್ಷದವರು 12 ವಾರ ಇಂಟರ್ನ್‌ಶಿಪ್ ಮಾಡಲೇಬೇಕು. ಎಲ್ಲೆಲ್ಲಿ ಮಾಡಬಹುದು ಎನ್ನುವ ಪಟ್ಟಿಯಲ್ಲಿ ವಕೀಲರು, ಕಂಪನಿಗಳು, ಎನ್‌ಜಿಒಗಳ ಜೊತೆ ನ್ಯಾಯಾಂಗವೂ ಇದೆ. ಯಾವ ವರ್ಷವೂ ಒಂದೇ ಸಮನೆ ನಾಲ್ಕು ವಾರಕ್ಕಿಂತ ಜಾಸ್ತಿ ಮಾಡುವಂತಿಲ್ಲ. ಅಂದಮೇಲೆ ಒಂದೊಂದು ರಜೆಯೂ ನಮಗೆ ಮುಖ್ಯ. ಇವತ್ತು ಉತ್ತರ ಬರಬಹುದು, ನಾಳೆ ಬರಬಹುದು ಅಂತ ವಕೀಲರ ಆಫೀಸಿಗೂ ಒಪ್ಪಿಕೊಳ್ಳದೆ ಕಾದು ಕೂತರೆ ಆ ವಾರಗಳನ್ನು ನಮಗೆ ವಾಪಸ್ ಕೊಡುವವರು ಯಾರು?

ಎನ್‌ಒಸಿ (ಕಾಲೇಜಿನಿಂದ ಆಕ್ಷೇಪಣೆ ಇಲ್ಲ ಎನ್ನುವ ಪತ್ರ) ವಿಷಯ ನೆನೆಸಿಕೊಂಡರಂತೂ ಈಗಲೂ ಮೈ ಉರಿಯುತ್ತದೆ. ಕೋರ್ಟಿನ ಆಫೀಸಿನವರು ಅರ್ಜಿ ಜೊತೆ ಕಾಲೇಜಿನ ಎನ್‌ಒಸಿ, ಬೋನಫೈಡ್ (ಇಲ್ಲೇ ಓದುತ್ತಿದ್ದಾಳೆ ಎನ್ನುವ ಪ್ರಮಾಣಪತ್ರ), ಎಲ್ಲಾ ಸೆಮಿಸ್ಟರ್‌ಗಳ ಮಾರ್ಕ್ಸ್ ಕಾರ್ಡ್, ಬಯೋಡೇಟಾ ಇರಬೇಕು ಅಂದರು. ಸರಿ. ಕಾಲೇಜಿನ ಆಫೀಸಿಗೆ ಹೋದರೆ, ಯಾವ ನ್ಯಾಯಾಧೀಶರು, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಅಂತ ಅಲ್ಲಿಂದ ಒಪ್ಪಿಗೆ ಪತ್ರ ತಂದರೆ ಮಾತ್ರ ಎನ್‌ಒಸಿ ಅಂದರು. ಒಪ್ಪಿಗೆ ಕೇಳೋಕೆ ತಾನೇ ಎನ್‌ಒಸಿ ಬೇಕಾಗಿರೋದು? ಬಿಡಿಸಿ ಬಿಡಿಸಿ ಹೇಳಿದೆ. "ರೂಲ್ಸ್ ಇರೋದೇ ಹಂಗಮ್ಮ" ಅಂದರು. ಆ ರೂಲ್ಸ್ ತೋರಿಸಿ ಸರ್ ಅಂದರೆ ಮುಖ ತಿರುಗಿಸಿ ಕಂಪ್ಯೂಟರ್ ನೋಡಿದರು. ಒಂದು ದಿನ ಪ್ರಿನ್ಸಿಪಾಲರು ಇರುವುದಿಲ್ಲ, ಇನ್ನೊಂದು ದಿನ ಲೆಟರ್‌ಹೆಡ್ ಖಾಲಿ, ಮತ್ತೊಂದು ದಿನ ಟೈಪ್ ಮಾಡುವವರು ರಜೆ. ಕೊನೆಗೆ ನಮಗೆ ಸಂವಿಧಾನ ಪಾಠ ಮಾಡುವ ಮೇಡಂ ಜೊತೆಗೆ ಬಂದು, ಎದುರಿಗೇ ನಿಂತು ಬರೆಸಿಕೊಟ್ಟರು. ಎಲ್ಲರಿಗೂ ಅಂಥ ಮೇಡಂ ಸಿಗುತ್ತಾರಾ?

ಅದನ್ನು ಹಿಡಿದುಕೊಂಡು ಕೋರ್ಟಿನ ಆಫೀಸಿಗೆ ಹೋದರೆ ಅಲ್ಲಿ ಕೇಳಿದ ಮೊದಲ ಪ್ರಶ್ನೆ ನನ್ನ ಅಂಕದ ಬಗ್ಗೆ ಅಲ್ಲ, ಏನು ಓದಿದ್ದೀಯ ಅಂತಲೂ ಅಲ್ಲ. "ಯಾರ ಕಡೆಯವರು? ಯಾವ ಅಡ್ವೊಕೇಟ್ ಕಳಿಸಿದ್ದು?" ಯಾರೂ ಕಳಿಸಿಲ್ಲ, ನಾನೇ ಬಂದಿದ್ದೀನಿ ಅಂದೆ. ಕಾಗದ ಇಸ್ಕೊಂಡು ಒಂದು ಕಟ್ಟಿನ ಮೇಲೆ ಹಾಕಿದರು. ಸ್ವೀಕೃತಿ ಕೊಡಿ ಅಂದರೆ "ಇದಕ್ಕೆಲ್ಲ ಕೊಡಲ್ಲ" ಅಂದರು. ನಮ್ಮ ಮನೆಯಲ್ಲಿ ವಕೀಲರಿಲ್ಲ. ಕೋರ್ಟಿನ ಮೆಟ್ಟಿಲು ಹತ್ತಿದವರು ಅಜ್ಜ ಒಬ್ಬರೇ, ಜಮೀನಿನ ಪಾಲಿನ ಕೇಸಿಗೆ. ಆ ಕೇಸು ಮುಗಿಯುವುದನ್ನು ಅವರು ನೋಡಲಿಲ್ಲ. ನಾನು ಲಾ ಸೇರಿದ್ದಕ್ಕೆ ಅದೂ ಒಂದು ಕಾರಣ. ಈಗ ನಾನು ಯಾರ ಕಡೆ ಅಂತ ಹೇಳಲಿ?

ನಮ್ಮ ಕ್ಲಾಸಿನಲ್ಲೇ ಒಬ್ಬಳಿಗೆ ಸಿಕ್ಕಿತು. ಅವರ ಮಾವ ದೊಡ್ಡ ವಕೀಲರು, ಒಂದು ಫೋನಿನಲ್ಲಿ ಕೆಲಸ ಆಯಿತು. ಅವಳ ಮೇಲೆ ನನಗೆ ಕೋಪ ಇಲ್ಲ, ಚೆನ್ನಾಗಿ ಓದುವ ಹುಡುಗಿ. ಆದರೆ ಕಾನೂನಿನ ಮುಂದೆ ಎಲ್ಲರೂ ಸಮಾನರು ಎನ್ನುವ ಸಂವಿಧಾನದ 14ನೇ ವಿಧಿ ಬಗ್ಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆಯುವ ನಮಗೆ ಕೋರ್ಟಿನ ಬಾಗಿಲಲ್ಲೇ ಹೀಗಾದರೆ ಹೇಗೆ ಸಹಿಸಿಕೊಳ್ಳುವುದು?

ವಕೀಲರ ಆಫೀಸಿನಲ್ಲೇ ಕಲಿಯಬಹುದಲ್ವಾ ಅನ್ನುವವರಿದ್ದಾರೆ. ಕಲಿಯಬಹುದು, ಕಲಿತಿದ್ದೇನೆ. ಅಲ್ಲಿ ನಮ್ಮ ಕೈಗೆ ಬರುವುದು ಒಂದು ಪಕ್ಷದ ಫೈಲು. ನಮ್ಮ ಕಕ್ಷಿದಾರನಿಗೆ ಅನುಕೂಲವಾದ ತೀರ್ಪು ಹುಡುಕುವುದೇ ಕೆಲಸ. ಎರಡೂ ಕಡೆಯ ಕಾಗದ ಒಂದೇ ಮೇಜಿಗೆ ಬಂದಾಗ ಯಾವ ಸಾಕ್ಷಿಯನ್ನು ನಂಬಬೇಕು, ಯಾವ ಹಳೆಯ ತೀರ್ಪು ಈ ಕೇಸಿಗೆ ಹೊಂದುತ್ತದೆ ಅಂತ ತೂಗಿ ನೋಡುವುದನ್ನು ಹತ್ತಿರದಿಂದ ಕಾಣಬೇಕು ಅಂತ ನನ್ನ ಆಸೆ. ಕರ್ನಾಟಕ ಹೈಕೋರ್ಟ್ 2021ರಲ್ಲಿ ಕಲಾಪದ ನೇರ ಪ್ರಸಾರ ಶುರು ಮಾಡಿತು, 2022ರ ಜನವರಿ 1ರಿಂದ ಅದಕ್ಕೆ ನಿಯಮಗಳೂ ಜಾರಿಗೆ ಬಂದವು. ಬಹಳ ಒಳ್ಳೆಯ ಕೆಲಸ. ಊರಲ್ಲಿ ಕೂತೇ ನೋಡಿ ಎಷ್ಟೋ ಕಲಿತೆ. ಆದರೆ ವಾದ ಮುಗಿದು ತೀರ್ಪು ಕಾಯ್ದಿರಿಸಿದ ಮೇಲೆ ನಡೆಯುವ ಕೆಲಸ ಯೂಟ್ಯೂಬ್‌ನಲ್ಲಿ ಕಾಣುವುದಿಲ್ಲ.

ನ್ಯಾಯಾಧೀಶರಿಗೆ ಪುರುಸೊತ್ತಿಲ್ಲ ಅಂತ ಗೊತ್ತು. ಬಂದವರಿಗೆಲ್ಲ ಜಾಗ ಕೊಡಿ ಅಂತ ನಾನು ಕೇಳುತ್ತಿಲ್ಲ. ದುಡ್ಡೂ ಕೇಳುತ್ತಿಲ್ಲ. ನಾಲ್ಕು ವಾರಕ್ಕೆ ಪಿಜಿ ಬಾಡಿಗೆ, ಬಸ್ಸು, ಊಟ ಎಲ್ಲ ನಮ್ಮ ಕೈಯಿಂದಲೇ. ಅಪ್ಪನ ಹತ್ತಿರ ಅದನ್ನು ಮೊದಲೇ ಕೇಳಿ ಹೊಂದಿಸಿಕೊಳ್ಳಬೇಕು, ರೂಮು ಮೊದಲೇ ಹೇಳಿಡಬೇಕು. ಅದಕ್ಕೇ ಉತ್ತರ ಬೇಕು. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಕೇಸಿನ ನಂಬರ್ ಹಾಕಿದರೆ ಮುಂದಿನ ತಾರೀಖು ಫೋನಿನಲ್ಲೇ ಸಿಗುತ್ತದೆ. ಸರ್ಕಾರಿ ಸೇವೆ ಇಷ್ಟೇ ದಿನದಲ್ಲಿ ಕೊಡಬೇಕು ಎನ್ನುವ 2011ರ ಸಕಾಲ ಕಾಯ್ದೆ ಬಂದ ಮೇಲೆ ಜಾತಿ ಪ್ರಮಾಣಪತ್ರದ ಅರ್ಜಿಗೂ ಒಂದು ನಂಬರ್, ಒಂದು ಗಡುವು ಇದೆ. ನಮ್ಮ ಅರ್ಜಿಗೆ ಮಾತ್ರ ನಂಬರೂ ಇಲ್ಲ, ಗಡುವೂ ಇಲ್ಲ. ಎಷ್ಟು ಜಾಗ ಇದೆ, ಯಾವಾಗ ಅರ್ಜಿ ಹಾಕಬೇಕು, ಏನು ನೋಡಿ ಆರಿಸುತ್ತೀರಿ ಅಂತ ಒಂದು ನೋಟಿಸ್ ಹಾಕಿ. ಆಯ್ಕೆಯಾದವರ ಪಟ್ಟಿ ಹಾಕಿ. ಪಟ್ಟಿಯಲ್ಲಿ ನನ್ನ ಹೆಸರು ಇಲ್ಲದಿದ್ದರೆ ಅದೇ ದಿನ ಇನ್ನೊಂದು ಕಡೆ ಹೋಗಿ ಕೇಳುತ್ತೇನೆ.

ಮುಂದಿನ ರಜೆಗೂ ಅರ್ಜಿ ಹಾಕುತ್ತೇನೆ. ಎನ್‌ಒಸಿಗೆ ಕಾಲೇಜಿನ ಆಫೀಸಿನಲ್ಲಿ ಈಗಲೇ ಬರೆದು ಕೊಟ್ಟಿದ್ದೇನೆ, ಸೀಲು ಹಾಕಿಸಿ ಒಂದು ಪ್ರತಿ ಇಸ್ಕೊಂಡಿದ್ದೇನೆ.