ಹೆಂಚಿನ ಮನೆಯನ್ನು ಕೆಡಹುವ ಮೊದಲು

ಪುತ್ತೂರು, ಸುಳ್ಯದ ಕಡೆ ಮಣ್ಣಿನ ಗೋಡೆಯ ಹೆಂಚಿನ ಮನೆಗಳು ಒಂದೊಂದಾಗಿ ನೆಲಸಮವಾಗುತ್ತಿವೆ. ಯಾಕೆಂದು ಕೇಳಿದರೆ "ಈಗಿನ ಕಾಲಕ್ಕೆ ಅನುಕೂಲವಿಲ್ಲ" ಎನ್ನುತ್ತಾರೆ. ಅದು ಸುಳ್ಳಲ್ಲ. ಮಂಡಿನೋವಿನ ಅಜ್ಜಿ ನಡುರಾತ್ರಿ ಮಳೆಯಲ್ಲಿ ಅಂಗಳ ದಾಟಿ ಶೌಚಾಲಯಕ್ಕೆ ಹೋಗಬೇಕು, ಮಕ್ಕಳಿಗೆ ಓದಲು ಬೆಳಕಿರುವ ಕೋಣೆಯಿಲ್ಲ, ಫ್ರಿಜ್ ಇಡಲು ಜಾಗವಿಲ್ಲ. ಆದರೆ ಇಷ್ಟಕ್ಕೆ ಬೇಕಾದದ್ದು ಒಂದೆರಡು ಹೊಸ ಕೋಣೆ. ಅದಕ್ಕಾಗಿ ಚಾವಡಿ, ಜಗಲಿ, ಅಟ್ಟ ಎಲ್ಲವನ್ನೂ ಜೆಸಿಬಿಯ ಬಾಯಿಗೆ ಕೊಡುವುದು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ.

ನಮ್ಮ ಮನೆಯಲ್ಲಿ ನೀರಿನ ಕೆಲಸವನ್ನೆಲ್ಲ ಹಿಂಬದಿಯ ಹೊಸ ಭಾಗಕ್ಕೆ ಸಾಗಿಸಿದೆವು: ಬಚ್ಚಲು, ಶೌಚಾಲಯ, ಪಾತ್ರೆ ತೊಳೆಯುವ ಜಾಗ. ಮಣ್ಣಿನ ಗೋಡೆಯೊಳಗೆ ಪೈಪು ಹುದುಗಿಸಬಾರದು. ಎಲ್ಲೋ ಒಂದು ಹನಿ ಸೋರಿದರೂ ಗೊತ್ತಾಗುವಷ್ಟರಲ್ಲಿ ಗೋಡೆ ಕರಗಿರುತ್ತದೆ. ಅಪ್ಪ ಅಮ್ಮನ ಕೋಣೆಯೂ ಅಲ್ಲೇ, ಶೌಚಾಲಯಕ್ಕೆ ತಾಗಿಕೊಂಡು, ಎಡವಲು ಹೊಸ್ತಿಲಿಲ್ಲದಂತೆ.

ಕೆಂಪುಕಲ್ಲಿನ ಹೊಸ ಗೋಡೆಯನ್ನು ಹಳೆಯದಕ್ಕೆ ಕಚ್ಚಿಸಿ ಕಟ್ಟಲಿಲ್ಲ. ಹಳೆಯ ಪಂಚಾಂಗ, ಅಂದರೆ ಅಡಿಪಾಯ, ಎಂದೋ ಕುಳಿತು ಗಟ್ಟಿಯಾಗಿದೆ, ಹೊಸದು ಮೊದಮೊದಲ ಮಳೆಗಾಲಗಳಲ್ಲಿ ತುಸು ಇಳಿಯುತ್ತದೆ. ಎರಡನ್ನೂ ಬಿಗಿದರೆ ಕೂಡಿದ ಕಡೆಯೇ ಬಿರುಕು. ನಡುವೆ ಒಂದು ಓಣಿ ಬಿಟ್ಟು ಅದಕ್ಕೆ ಬೇರೆಯೇ ಮಾಡು (ಚಾವಣಿ) ಹೊದೆಸಿದೆವು. ಮಾಡುಗಳು ಕೂಡುವ ಮೂಲೆಗೆ ಮಳೆನೀರು ಹರಿದುಹೋಗಲು ಅಗಲವಾದ ತಗಡಿನ ದೋಣಿಯೇ ಬೇಕು. ಹಲಸಿನ ಎಲೆ ಸಿಕ್ಕಿಕೊಂಡರೆ ನೀರು ಉಕ್ಕಿ ಒಳಗೇ ಇಳಿಯುತ್ತದೆ.

ಗೋಡೆಗೆ ಸಿಮೆಂಟ್ ಸಾರಣೆ ಮಾಡಿಸಿ ಎಂದು ಹೇಳುವವರು ಬೇಕಾದಷ್ಟು ಜನ. ದಯವಿಟ್ಟು ಕೇಳಬೇಡಿ. ಮಣ್ಣು ನೆಲದ ತೇವವನ್ನು ಹೀರಿಕೊಳ್ಳುತ್ತದೆ, ಸುಣ್ಣದ ಗಾರೆಯಾದರೆ ಅದನ್ನು ಹೊರಗೆ ಆರಲು ಬಿಡುತ್ತದೆ. ಸಿಮೆಂಟ್ ಆ ದಾರಿ ಮುಚ್ಚುತ್ತದೆ. ಕೊನೆಗೆ ಸಾರಣೆ ಚಕ್ಕೆಚಕ್ಕೆಯಾಗಿ, ಗೋಡೆಯ ಮಣ್ಣನ್ನೂ ಕಿತ್ತುಕೊಂಡು ಬೀಳುತ್ತದೆ.

ಹೆಂಚಿನ ವಿಷಯದಲ್ಲಂತೂ ನನಗೆ ಅಭಿಮಾನವಿದೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ನಮ್ಮ ಮಣ್ಣಿನ ಹೆಂಚು ಎಲ್ಲೆಲ್ಲಿಗೋ ಹೋಯಿತು. ಮಾಡು ಬಿಚ್ಚಿದಾಗ ಒಂದೊಂದನ್ನೇ ಇಳಿಸಿ, ಪಾಚಿ ಉಜ್ಜಿ, ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಠಣ್ ಎಂದರೆ ಗಟ್ಟಿ, ಮತ್ತೆ ಮಾಡಿಗೇರಿಸಬಹುದು. ದಬ್ ಎಂದರೆ ಒಳಗೆ ಸೀಳಿದೆ. ಹೆಂಚನ್ನು ಹೊರುವ ಮರದ ತೊಲೆಪಟ್ಟಿಗಳಲ್ಲಿ, ಅಂದರೆ ಪಕ್ಕಾಸು, ರೀಪುಗಳಲ್ಲಿ, ಗೆದ್ದಲು ತಿಂದವನ್ನಷ್ಟೇ ಬದಲಿಸಿದರೆ ಸಾಕು. ನಾಲ್ಕಾರು ಕಡೆ ಗಾಜಿನ ಹೆಂಚು ಕೂರಿಸಿದರೆ ಹಗಲಿಗೆ ದೀಪ ಬೇಡ.

ಖರ್ಚು ತೀರಾ ಕಡಿಮೆಯೆಂದು ಹೇಳಲಾರೆ. ಮಣ್ಣು, ಸುಣ್ಣದ ಕೆಲಸ ಬಲ್ಲವರು ಈಗ ವಿರಳ, ಅವರಿಗೆ ತಕ್ಕ ಕೂಲಿ ಕೊಡಲೇಬೇಕು. ಮನಸ್ಸು ಮಾಡಿದವರು ದೀಪಾವಳಿ ಕಳೆದು ಮಳೆ ಪೂರ್ತಿ ಬಿಟ್ಟ ಮೇಲೆ ಮಾಡು ಬಿಚ್ಚಿ, ಏಪ್ರಿಲ್ ನಡುವೆ ಬರುವ ಬಿಸು ಹಬ್ಬದ ಮೊದಲೇ ಹೆಂಚು ಹೊದೆಸಿ ಮುಗಿಸಿ. ತೆರೆದ ಗೋಡೆಯ ಮೇಲೆ ಬೇಸಿಗೆ ಮಳೆ ಒಂದು ಸಂಜೆ ಸುರಿದರೂ ರಿಪೇರಿಯ ಮಾತು ಅಲ್ಲಿಗೆ ಮುಗಿಯಿತು.