ಹುಂಡಿಗೆ ಬಾಯಿ ಒಂದೇ

ಜಾತ್ರೆಯಲ್ಲಿ ಮಡಕೆ, ಹಣತೆಗಳ ಪಕ್ಕ ಮಣ್ಣಿನ ಹುಂಡಿಗಳೂ ಸಾಲಾಗಿ ಕೂತಿರುತ್ತವೆ. ಲೆಕ್ಕ ಹಾಕಿ ನೋಡಿದರೆ ಅದರಷ್ಟು ದಂಡದ ವಸ್ತು ಇನ್ನೊಂದಿಲ್ಲ. ಬಡ್ಡಿ ಇಲ್ಲ. ಕಾಸು ಹಾಕಲು ಒಂದು ಸೀಳಿದೆ, ತೆಗೆಯಲು ದಾರಿಯಿಲ್ಲ. ಬೇಕು ಅಂದರೆ ಒಡೆಯಬೇಕು, ಒಡೆದರೆ ಹುಂಡಿಗೆ ಕೊಟ್ಟ ದುಡ್ಡೂ ಹೋಯಿತು. ಮುಚ್ಚಳ ಇರುವ ಡಬ್ಬಿ ಮನೆಯಲ್ಲೇ ಇರುವಾಗ ಇದನ್ನು ಯಾರು ಕೊಳ್ಳುತ್ತಾರೆ? ನಾವೆಲ್ಲ ಕೊಳ್ಳುತ್ತೇವೆ.

ಅರ್ಥಶಾಸ್ತ್ರದ ಪುಸ್ತಕದಲ್ಲಿರುವ ಮನುಷ್ಯ ಮಾತ್ರ ಕೊಳ್ಳುವುದಿಲ್ಲ. ಅವನಿಗೆ ಎಲ್ಲ ಅಂಗಡಿಯ ದರವೂ ಗೊತ್ತು. ಉಳಿಸಬೇಕು ಅಂದುಕೊಂಡರೆ ಉಳಿಸಿಯೇ ಬಿಡುತ್ತಾನೆ, ಎದುರಿಗೆ ಬಿಸಿ ಮೆಣಸಿನಕಾಯಿ ಬೋಂಡ ಬೇಯುತ್ತಿದ್ದರೂ ಸರಿ. ಇಂಥವನ ಜೊತೆ ಜಾತ್ರೆಗೆ ಹೋಗೋದು ಸುಮ್ನೆ ತಲೆನೋವು.

ಅಷ್ಟೆಲ್ಲ ಲೆಕ್ಕ ಮನುಷ್ಯನ ತಲೆಗೆ ಆಗುವಂಥದ್ದಲ್ಲ, ಅವನು ‘ಇಷ್ಟು ಸಾಕು’ ಅನ್ನಿಸಿದಲ್ಲಿ ಹುಡುಕುವುದನ್ನು ನಿಲ್ಲಿಸುತ್ತಾನೆ ಎಂದು ಅಮೆರಿಕದ ವಿದ್ವಾಂಸ ಹರ್ಬರ್ಟ್ ಸೈಮನ್ 1950ರ ದಶಕದಲ್ಲೇ ಹೇಳಿದರು. 1978ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ಹುಂಡಿಯ ಕಷ್ಟ ಲೆಕ್ಕದ್ದಲ್ಲ. ಉಳಿಸಿದರೆ ಒಳ್ಳೆಯದು ಅಂತ ಯಾರಿಗೆ ಗೊತ್ತಿಲ್ಲ? ಕೈ ಕೇಳಬೇಕಲ್ಲ!

ಅಮೆರಿಕದ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಇನ್ನೂ ವಿದ್ಯಾರ್ಥಿಯಾಗಿದ್ದಾಗ ಮನೆಗೆ ಸ್ನೇಹಿತರನ್ನು ಊಟಕ್ಕೆ ಕರೆದಿದ್ದರು. ಊಟಕ್ಕೆ ಮೊದಲೇ ಎಲ್ಲರೂ ಗೋಡಂಬಿ ಬಟ್ಟಲಿಗೆ ಬಿದ್ದರು. ಥೇಲರ್ ಬಟ್ಟಲನ್ನೇ ಎತ್ತಿ ಅಡುಗೆಮನೆಗೆ ಒಯ್ದಿಟ್ಟರು. ಎಲ್ಲರಿಗೂ ಖುಷಿಯಾಯಿತು. ಬಂದವರು ಅರ್ಥಶಾಸ್ತ್ರ ಓದುವವರಲ್ವಾ, ಖುಷಿ ಯಾಕಾಯಿತು ಅಂತ ಚರ್ಚೆಗೆ ಕೂತರು. ಆಯ್ಕೆ ಜಾಸ್ತಿ ಇದ್ದಷ್ಟೂ ಒಳ್ಳೆಯದು ಎನ್ನುವುದು ಅವರ ಪಾಠ. ಬೇಡವಾದರೆ ಬಿಟ್ಟರಾಯಿತು! ಚಕ್ಕುಲಿ ಡಬ್ಬಿಯನ್ನು ಅಟ್ಟಕ್ಕೇರಿಸುವ ಯಾವ ಅಜ್ಜಿಯೂ ಈ ಪಾಠವನ್ನು ಒಪ್ಪುವುದಿಲ್ಲ. ಥೇಲರ್‌ಗೆ 2017ರಲ್ಲಿ ನೊಬೆಲ್ ಸಿಕ್ಕಿತು. ಅಜ್ಜಿಯರಿಗೆ ಇನ್ನೂ ಇಲ್ಲ.

ಫಿಲಿಪ್ಪೀನ್ಸ್‌ನ ಮಿಂಡನಾವೊ ದ್ವೀಪದಲ್ಲಿ ಒಂದು ಗ್ರಾಮೀಣ ಬ್ಯಾಂಕ್ ಇಂಥದ್ದೇ ಖಾತೆಯೊಂದನ್ನು ತೆರೆದು ನೋಡಿತು. ಗ್ರಾಹಕರು ತಾವೇ ಗೊತ್ತುಮಾಡಿದ ದಿನದವರೆಗೆ, ಇಲ್ಲವೇ ಗೊತ್ತುಮಾಡಿದ ಮೊತ್ತ ಸೇರುವವರೆಗೆ ದುಡ್ಡು ತೆಗೆಯುವ ಹಾಗಿಲ್ಲ. ಬಡ್ಡಿ ಮಾಮೂಲಿ ಖಾತೆಯಷ್ಟೇ. ಅಂದರೆ ಕೈ ಕಟ್ಟಿಸಿಕೊಂಡಿದ್ದಕ್ಕೆ ಒಂದು ಪೈಸೆ ಹೆಚ್ಚಿಗೆ ಇಲ್ಲ. ಆದರೂ ಕೇಳಿದವರಲ್ಲಿ ನೂರಕ್ಕೆ 28 ಜನ ಒಪ್ಪಿಕೊಂಡರು. ಬೇಕಾದವರಿಗೆ ಹುಂಡಿಯಂಥ ಪೆಟ್ಟಿಗೆಯೂ ಇತ್ತು. ಪೆಟ್ಟಿಗೆ ಮನೆಯಲ್ಲಿ, ಬೀಗದ ಕೈ ಬ್ಯಾಂಕಿನಲ್ಲಿ!

ನಮ್ಮ ಮಣ್ಣಿನ ಹುಂಡಿಗೆ ಬೀಗದ ಕೈ ಇಲ್ಲ, ಆದರೆ ಚಾಕು ಉಂಟು. ಹುಂಡಿಯನ್ನು ಬೋರಲು ಹಿಡಿದು, ಸೀಳಿನೊಳಗೆ ಚಾಕುವಿನ ಅಲಗು ತೂರಿಸಿ, ಮೆಲ್ಲಗೆ ಕುಲುಕಿದರೆ ನಾಣ್ಯ ಅಲಗಿನ ಮೇಲೆ ಜಾರಿ ಬರುತ್ತದೆ. ಒಬ್ಬನೇ ಮನುಷ್ಯನೊಳಗೆ ಮುಂದಿನದನ್ನು ಯೋಚಿಸುವವನೊಬ್ಬ, ಈಗಲೇ ಬೇಕು ಅನ್ನುವವನೊಬ್ಬ ಇರುತ್ತಾರೆ ಎಂದು 1981ರಲ್ಲಿ ಥೇಲರ್ ಮತ್ತು ಹರ್ಶ್ ಶೆಫ್ರಿನ್ ಬರೆದರು. ಮೊದಲನೆಯವನು ಹುಂಡಿ ಕೊಳ್ಳುತ್ತಾನೆ, ಎರಡನೆಯವನು ಚಾಕು ಹುಡುಕುತ್ತಾನೆ. ಆದರೆ ಅಲಗಿನವರೆಗೆ ಬಂದ ನಾಣ್ಯ ಮತ್ತೆ ಒಳಗೆ ಬೀಳುತ್ತದೆ, ಇನ್ನೊಂದು ಅಡ್ಡ ಸಿಕ್ಕಿಕೊಳ್ಳುತ್ತದೆ. ಒಂದು ನಾಣ್ಯ ಹೊರಬರುವಷ್ಟರಲ್ಲಿ ಐಸ್‌ಕ್ಯಾಂಡಿಯವನು ಮುಂದಿನ ಬೀದಿಗೆ ಹೋಗಿರುತ್ತಾನೆ.