ಹೊಗಿ ಬಂತು, ಬಾಗಿಲಾ ಹಾಕ್ರಿ!

ಕೀಟಶಾಸ್ತ್ರ ಓದಿದವನಿಗೆ ಕಲಬುರಗಿಯಲ್ಲಿ ಕೆಲಸಕ್ಕೆ ಬರವಿಲ್ಲ. ಹೊಲಕ್ಕೆ ಹೋದರೆ ತೊಗರಿಯಲ್ಲಿ ಕಾಯಿಕೊರಕ, ಮನೆಗೆ ಬಂದರೆ ಬ್ಯಾರಲ್‌ನಲ್ಲಿ ಸೊಳ್ಳೆ. ಈಚೆಗೆ ನಾನು ಇವೆರಡನ್ನೂ ಬದಿಗಿಟ್ಟು ಮೂರನೆಯದೊಂದರ ಬೆನ್ನು ಹತ್ತಿದ್ದೇನೆ. ಪಠ್ಯಪುಸ್ತಕದಲ್ಲಿ ಇದರ ವಿವರ ಇಲ್ಲ. ಹೆಸರು, ಹೊಗೆ ಹೊಡೆಯುವ ಗಾಡಿ.

ಇದು ಮಳೆಗಾಲದ ಜೀವಿ. ಆದರೆ ಮಳೆ ಬಿದ್ದರೆ ಎಚ್ಚರಾಗುವುದಿಲ್ಲ. ಪೇಪರಿನಲ್ಲಿ ಡೆಂಗಿ ಸುದ್ದಿ ಬಿದ್ದರೆ ಎಚ್ಚರಾಗುತ್ತದೆ. ಆಹಾರ ಡೀಸೆಲ್, ಜೊತೆಗೆ ನಂಜಿಕೊಳ್ಳಲು ಒಂದಿಷ್ಟು ಔಷಧಿ. ಹೊತ್ತು ಮುಳುಗುವಾಗ ಹೊರಬಿದ್ದು, ಗಟಾರದ ಗುಂಟ ಗುರುಗುಟ್ಟುತ್ತ ಸಾಗಿ, ಮೊಬೈಲು ಹಿಡಿದವರು ಕಂಡಲ್ಲಿ ತುಸು ಹೆಚ್ಚೇ ನಿಲ್ಲುತ್ತದೆ. ಹಿಂದೆ ಹುಡುಗರ ದಂಡು, ಮುಂದೆ ವಾರ್ಡಿನ ಮುಖಂಡರು. ಮುಖಂಡರದು ಬಿಳಿ ಅಂಗಿ, ಹೊಗೆಯದೂ ಬಿಳಿ ಬಣ್ಣ. ಫೋಟೋದಲ್ಲಿ ಒಂದರೊಳಗೊಂದು ಕಲೆತು ಹೋಗುತ್ತವೆ ಎಂದು ಅವರು ಈಗ ಗಾಳಿ ನೋಡಿ ನಿಲ್ಲುವುದನ್ನು ಕಲಿತಿದ್ದಾರೆ.

ಗಾಡಿಯ ಸದ್ದು ಓಣಿಯ ಬಾಯಿಗೆ ಬಂದದ್ದೇ ತಡ, ಮನೆಮನೆಯಿಂದ ಕೂಗು: "ಏ, ಹೊಗಿ ಬಂತು, ಬಾಗಿಲಾ ಹಾಕ್ರಿ! ಖಿಡಕಿ ಹಾಕ್ರಿ!" ತಪ್ಪೇನಿಲ್ಲ. ಮನೆಯಲ್ಲಿ ದಮ್ಮಿನ ಮುದುಕರಿರುತ್ತಾರೆ, ಕೂಸುಗಳಿರುತ್ತವೆ. ಆದರೆ ಹಾಗೆ ಮುಚ್ಚಿದ ಬಾಗಿಲಿನ ಒಳಗೆ, ಮಂಚದ ಕೆಳಗೆ, ಗೂಟಕ್ಕೆ ತೂಗುಹಾಕಿದ ಪ್ಯಾಂಟಿನ ಹಿಂದೆ, ಡೆಂಗಿ ಹರಡುವ ಸೊಳ್ಳೆಯೂ ಸುರಕ್ಷಿತವಾಗಿ ಕೂತಿರುತ್ತದೆ. ಇಡೀ ಊರಿನಲ್ಲಿ ಆ ಹೊಗೆ ತಾಗದ ಪ್ರಾಣಿ ಇದ್ದರೆ ಅದೊಂದೇ.

ಈ ಸೊಳ್ಳೆಯ ಹೆಸರು ಈಡಿಸ್. ಕಾಲಿಗೆ ಬಿಳಿ ಪಟ್ಟೆ. ಇದು ಹಗಲು ಪಾಳಿಯ ನೌಕರ; ಬೆಳಿಗ್ಗೆ ಮತ್ತು ಇಳಿಹೊತ್ತಿನಲ್ಲಿ ಪಾದ, ಹಿಮ್ಮಡಿ ಹುಡುಕಿ ಕಚ್ಚುತ್ತದೆ. ಗಟಾರದಲ್ಲಿ ಹುಟ್ಟಿ ರಾತ್ರಿ ಕಿವಿಯಲ್ಲಿ ಹಾಡುವುದು ಬೇರೆ ಸೊಳ್ಳೆ, ಕ್ಯೂಲೆಕ್ಸ್. ಅದೇನು ಸಾಧು ಅಲ್ಲ. ಆನೆಕಾಲು ರೋಗ ಹರಡುವುದು ಅದೇ, ಕಲಬುರಗಿ, ಬೀದರ್, ಯಾದಗಿರಿಗೆ ಆ ರೋಗದ ನಂಟು ಹಳೆಯದು. ಆದರೆ ಡೆಂಗಿ ಹೆಸರಿನಲ್ಲಿ ಬಂದ ಹೊಗೆ ಹೋಗಿ ಬೀಳುವುದು ಕ್ಯೂಲೆಕ್ಸಿನ ಮನೆ ಮೇಲೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ನಾವು ಸರ್ಕಾರಿ ಖರ್ಚಿನಲ್ಲಿ ಮಾಡುತ್ತೇವೆ, ಅಷ್ಟೇ. ಈ ನಡುವೆ ಸಾಯುವವರು ಜೇನು, ಗುಲಗಂಜಿ ಹುಳ, ಮತ್ತು ಸೊಳ್ಳೆಯನ್ನೇ ಹಿಡಿದು ತಿನ್ನುವ ಹೆಲಿಕಾಪ್ಟರ್ ಚಿಟ್ಟೆ. ಇವರಿಗೆ ವಾರ್ಡಿನಲ್ಲಿ ಮತವಿಲ್ಲ.

ಈಡಿಸ್ ಹುಟ್ಟುವ ಜಾಗ ತೋರಿಸಹೋದರೆ ಮಾತ್ರ ಜಗಳ. ನಮ್ಮ ಓಣಿಯ ಅಕ್ಕನೊಬ್ಬರ ಬ್ಯಾರಲ್‌ಗೆ ಟಾರ್ಚು ಬಿಟ್ಟೆ. ಮರಿಗಳು ಬಾಲದ ಕಡೆಯ ಉಸಿರುಕೊಳವೆಯನ್ನು ನೀರಿನ ಮೇಲ್ಮೈಗೆ ತಾಗಿಸಿ ತಲೆಕೆಳಗಾಗಿ ಜೋತಾಡುತ್ತಿದ್ದವು. ಬೆಳಕು ಬಿದ್ದಕೂಡಲೇ ಮೈ ತಿರುಚುತ್ತ ಒಂದೇ ಸಮ ತಳಕ್ಕಿಳಿದವು. ಸ್ವಲ್ಪ ಹೊತ್ತಿಗೆ ಒಂದೊಂದೇ ಮೇಲೆ ಬಂದವು. ನೀರಿನ ಗೆರೆಗಿಂತ ಬೆರಳಗಲ ಮೇಲೆ, ಬ್ಯಾರಲ್‌ನ ಒಳಮೈಗೆ ಕರಿ ಚುಕ್ಕಿಗಳು. ಅವು ಮೊಟ್ಟೆ. ನೀರು ಬತ್ತಿದರೂ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿದ್ದು, ನೀರು ತಾಗಿದೊಡನೆ ಒಡೆಯುತ್ತವೆ. ಅದಕ್ಕೇ ಚೆಲ್ಲಿದರೆ ಸಾಲದು, ತಿಕ್ಕಿ ತೊಳೆಯಬೇಕು.

"ಏನ್ ಮಾತಾಡ್ತೀರಿ ಸರ್ ನೀವ? ಇದು ನಳದ ನೀರ್ರಿ, ಕುಡಿಯೋದು. ಮೊದ್ಲ ಆ ಗಟಾರ ನೋಡ್ರಿ."

"ಅಕ್ಕಾ, ಇದಕ್ಕ ಸ್ವಚ್ಛ ನೀರೇ ಬೇಕ್ರಿ."

"ಹಂಗಾದ್ರ ಹೊಲಸ್ ನೀರ್ ತುಂಬ್ಲೇನ್?"

ಜೊತೆಗಿದ್ದ ಆಶಾ ಕಾರ್ಯಕರ್ತೆ ಮೆತ್ತಗೆ, ವಾರಕ್ಕೊಮ್ಮೆ ಚೆಲ್ಲಿ ತೊಳೀರಿ ಅಂದರು. ಅಕ್ಕ ಸೊಂಟಕ್ಕೆ ಕೈ ಇಟ್ಟರು. "ಚೆಲ್ರಿ. ನೀವೇ ಚೆಲ್ರಿ. ಹೋಗೂಮುಂದ ನಳ ಬಿಟ್ಟು ಹೋಗ್ರಿ." ಆಶಾ ಕಾರ್ಯಕರ್ತೆ ಬಾಗಿಲ ಪಕ್ಕ ಚಾಕ್‌ಪೀಸಿನಿಂದ ತಾರೀಖು ಬರೆದು ಮುಂದಿನ ಮನೆಗೆ ನಡೆದರು. ಅವರ ಮನೆಯಲ್ಲೂ ಬ್ಯಾರಲ್ಲೇ.

ಅಕ್ಕನ ಮಾತಿಗೆ ನನ್ನ ಶಾಸ್ತ್ರದಲ್ಲಿ ಉತ್ತರವಿಲ್ಲ. ಭೀಮಾ, ಬೆಣ್ಣೆತೊರಾ ನದಿಗಳೆರಡೂ ನಮ್ಮವೇ. ನಳ ಮಾತ್ರ ಯಾವ ವಾರ ಬರುತ್ತದೋ ನಳಕ್ಕೇ ಗೊತ್ತು. ನಮ್ಮ ಬಿಸಿಲಿಗೆ ಮೊಟ್ಟೆಯೊಡೆದ ಮರಿ ರೆಕ್ಕೆ ಬಂದು ಹಾರಲು ಏಳೆಂಟು ದಿನ ಸಾಕು. ನಳದ ಸರದಿಗೂ ಸೊಳ್ಳೆಯ ಬಾಲ್ಯಕ್ಕೂ ಮೂವತ್ತಾರು ಗುಣವೂ ಕೂಡಿ ಬಂದಿದೆ. ನೀರು ತಡವಾಗಿ ಬಿಡುವುದು ಒಂದು ವಿಭಾಗ, ತಡವಾದ ನೀರನ್ನು ಚೆಲ್ಲಿ ಎನ್ನುವುದು ಇನ್ನೊಂದು ವಿಭಾಗ, ಚೆಲ್ಲದ್ದಕ್ಕೆ ಹೊಗೆ ಹಾಕುವುದು ಮೂರನೆಯದು. ಮೂವರೂ ಒಂದೇ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಾರೆ.

2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಿ, ಸೊಳ್ಳೆ ಹುಟ್ಟಲು ಬಿಟ್ಟ ಮನೆಗೆ ದಂಡ ಗೊತ್ತುಮಾಡಿತು: ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200. ಸೊಳ್ಳೆ ಅದೇ, ಹಳ್ಳಿಯಲ್ಲಿ ಅರ್ಧ ರೇಟು. ಠಾಣೆಯ ಹಿಂದೆ ಜಪ್ತಿ ಮಾಡಿ ಪೇರಿಸಿದ ಗಾಡಿಗಳ ಟೈರುಗಳಲ್ಲಿ ಮಳೆನೀರು ನಿಂತು ಈಡಿಸ್ ಒಕ್ಕಲೇ ಹೂಡಿದೆ. ಅದಕ್ಕೆ ರಸೀದಿ ಹರಿಯುವವರು ಯಾರು? ಗಾಡಿಗಳಿಗೆ ಕೋರ್ಟಿನ ತಡೆಯಾದರೂ ಇದೆ, ಸೊಳ್ಳೆಗೆ ಅದೂ ಇಲ್ಲ.

ನಮ್ಮ ಓಣಿ ಜನರೇನು ಕಡಿಮೆಯಿಲ್ಲ. ಬೇಸಿಗೆಯಲ್ಲಿ ಕೂಲರ್ ಇಲ್ಲದೆ ಇಲ್ಲಿ ಬದುಕಲಾಗದು, ಒಪ್ಪಿದೆ. ಮೊದಲ ಮಳೆಗೆ ಅದನ್ನು ನಿಲ್ಲಿಸಿ, ಮೇಲೊಂದು ಹೂವಿನ ಚಿತ್ರದ ಕವರು ಹೊದಿಸುತ್ತೇವೆ. ತಳದಲ್ಲಿ ಮೇ ತಿಂಗಳ ನೀರು ಹಾಗೇ ಇರುತ್ತದೆ. ಜುಲೈನಲ್ಲಿ ಜ್ವರ ಬಂದರೆ ವಾಟ್ಸಾಪ್ ಗುಂಪಿನಲ್ಲಿ ಅದೇ ಪ್ರಶ್ನೆ: ನಮ್ಮ ಗಲ್ಲಿಗೆ ಹೊಗಿ ಯಾವಾಗ? ಜ್ವರ ಬಂದ ಮನೆಯ ಒಳಗೆ ಔಷಧಿ ಸಿಂಪಡಿಸುತ್ತೇವೆ ಬಾಗಿಲು ತೆಗೀರಿ ಎಂದರೆ, ಮೊನ್ನೆ ಬಣ್ಣ ಹಚ್ಚಿಸೀವ್ರಿ ಅನ್ನುತ್ತಾರೆ.

ಇನ್ನು ಆಗಸ್ಟ್ 20. ವಿಶ್ವ ಸೊಳ್ಳೆ ದಿನ. 1897ರಲ್ಲಿ ಆ ದಿನ ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆ ಸೀಳಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ಮಲೇರಿಯಾದ ಜಾಡು ಹಿಡಿದ. ಆಗ ಕಲಬುರಗಿಯೂ ನಿಜಾಮನ ರಾಜ್ಯದಲ್ಲೇ ಇತ್ತು. ಪಾಪ, ರಾಸ್ ಬಳಿ ಹೊಗೆ ಗಾಡಿ ಇರಲಿಲ್ಲ, ಸೊಳ್ಳೆಯನ್ನೇ ನೋಡಬೇಕಾಯಿತು.

ನಾವು ಈ ದಿನವನ್ನು ಸಭಾಂಗಣದಲ್ಲಿ ಆಚರಿಸುತ್ತೇವೆ. ವೇದಿಕೆಯ ಅಂಚಿಗೆ ಸಾಲಾಗಿ ಹೂಕುಂಡ, ಕುಂಡದ ಕೆಳಗೆ ತಟ್ಟೆ, ತಟ್ಟೆಯಲ್ಲಿ ನೀರು, ನೀರಿನಲ್ಲಿ ಅತಿಥಿಗಳು. ಅಧ್ಯಕ್ಷರು ಭಾಷಣದ ನಡುವೆ ಒಂದು ಕಾಲಿನಿಂದ ಇನ್ನೊಂದು ಕಾಲು ಕೆರೆದುಕೊಳ್ಳುತ್ತಿದ್ದರು. ವಂದನಾರ್ಪಣೆ ಮುಗಿದ ಮೇಲೆ ನಾನು ಒಂದು ತಟ್ಟೆ ಎತ್ತಿ ಚೆಲ್ಲಹೋದೆ. ಕುಂಡ ತಂದ ಹುಡುಗ ಓಡಿ ಬಂದು ಕೈ ಹಿಡಿದ.

"ಬ್ಯಾಡ್ರಿ ಸರ್, ಇವು ಬಾಡಗಿ ಕುಂಡ ಅವ. ಗಿಡಾ ಒಣಗಿದ್ರ ಮಾಲಕ್ರು ನನ್ ಪಗಾರದಾಗ ಹಿಡೀತಾರ. ನಾಳಿ ಮುಂಜಾನಿ ಇವು ಬೀದರಿಗಿ ಹೋಗಬೇಕು."

"ಅಲ್ಲೇನದ ತಮ್ಮಾ?"

"ಡೆಂಗಿ ಜಾಗೃತಿನೇ ಅದರಿ."